ನಡಾವಳಿ

ಟೈಪು ಬಲ್ಲವಳು ನಾನೊಬ್ಬಳೇ,
ಹಾಗಾಗಿ ಕಾರ್ಯದರ್ಶಿ.
ಹಗಲೆಲ್ಲ ಗಂಡಸರ ಕಚೇರಿಯಲ್ಲಿ ಕುಟ್ಟಿದ್ದನ್ನೇ
ಬುಧವಾರ ಸಂಜೆ ಇಲ್ಲಿ, ವಿಮೋಚನೆಗೆಂದು,
ಪುಕ್ಕಟೆ ಕುಟ್ಟುತ್ತಿದ್ದೆ.
ಅದು ಆಗ ಯಾರಿಗೂ ಹೊಳೆಯಲಿಲ್ಲ. ನನಗೂ.

ಟುರಿನ್. ಎಪ್ಪತ್ತೇಳರ ಫೆಬ್ರವರಿ.
ಒಂದು ಕಾಲಕ್ಕೆ ಹಾಸಿಗೆ ಅಂಗಡಿಯಾಗಿದ್ದ ನೆಲಮಾಳಿಗೆ,
ಗೋಡೆಯ ಬಿರುಕಲ್ಲಿ ಇನ್ನೂ ಉಣ್ಣೆಯ ಎಳೆ.
ಹತ್ತೊಂಬತ್ತು ಹೆಂಗಸರು, ಒಂದು ಸೀಮೆಎಣ್ಣೆ ಒಲೆ,
ನೆಲದ ಮೇಲೆ ಹಾಸಿದ ಜೋಡಿಮಂಚದ ಚಾದರ.
ಮಂಡಿಯೂರಿ ಫಿಯೊರೆಂಜಾ ಕೆಂಪಕ್ಷರ ತಿದ್ದುತ್ತಿದ್ದಳು:
ಮನೆಗೆಲಸಕ್ಕೆ ಸಂಬಳ.
ಕೊನೆಯ ಅಕ್ಷರ ಇನ್ನೂ ಒದ್ದೆ.

ಆಗ ನಿವೆಸ್ ಎದ್ದು ನಿಂತಳು.
ಆಸ್ಪತ್ರೆಯ ಬಟ್ಟೆ ಒಗೆಯುವ ರಾತ್ರಿಪಾಳಿ,
ಮೊಣಕೈವರೆಗೂ ಬಿಳಿಚಿಕೊಂಡ ಕೈ.
ಮೊದಲ ಮಾತು ಚಾದರದ ಬಗ್ಗೆ:
"ಒಳ್ಳೇ ಅಗಸೆ ನಾರಿನದು. ಯಾರ ತಾಯಿಯದು?
ಈ ಬಣ್ಣ ಇನ್ನು ಯಾವ ಸೋಡಾಕ್ಕೂ ಹೋಗುವುದಿಲ್ಲ."
ಕೆಲವರು ನಕ್ಕರು.

"ನನಗೆ ಸಂಬಳ ಬೇಡ.
ಸಂಬಳ ಅಂದಮೇಲೆ ದಣಿ,
ದಣಿ ಅಂದಮೇಲೆ ಹಾಜರಿ.
ನಾಳೆ ಸರ್ಕಾರದವನೊಬ್ಬ ಬಂದು
ನನ್ನ ಸಾರಿನ ಉಪ್ಪು ನೋಡಿ ರುಜು ಹಾಕುತ್ತಾನೆ,
ಕೊಟ್ಟೆವಲ್ಲ, ಇನ್ನು ಇಲ್ಲೇ ಬಿದ್ದಿರು ಅನ್ನುತ್ತಾನೆ.
ಆ ಹೊಸ್ತಿಲು ದಾಟಲು ನನಗೆ ಹನ್ನೊಂದು ವರ್ಷ ಹಿಡಿಯಿತು.
ದಾಟಿ ಹೋಗಿದ್ದು ಇನ್ನೂ ದೊಡ್ಡ ಬಚ್ಚಲಿಗೆ, ನಿಜ.
ಆದರೆ ಅಲ್ಲೊಂದು ಗಡಿಯಾರವಿದೆ.
ಆರಕ್ಕೆ ಗಂಟೆ ಹೊಡೆಯುತ್ತದೆ."

ಡೆಲ್ಫಿನಾ ಸಮಾಧಾನವಾಗಿ ಬಿಡಿಸಿ ಹೇಳಿದಳು:
ಕೇಳುವುದು ಕೊಡಲಿ ಅಂತಲ್ಲ,
ಪ್ರೀತಿ ಪ್ರೀತಿ ಅಂತ ದೋಚಿದ್ದನ್ನು
ದುಡಿಮೆ ಅಂತ ಒಪ್ಪಲಿ ಅಂತ.
ಸರಿಯಾಗೇ ಇತ್ತು ಆ ಮಾತು.
ನನಗೆ ಈಗಲೂ ಸರಿಯೇ.

ನಿವೆಸ್ ಕೂರಲಿಲ್ಲ.
"ನನ್ನ ಗಂಡ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ,
ಕೆಮ್ಮಿದರೆ ಕರವಸ್ತ್ರದಲ್ಲಿ ನೀಲಿ.
ನಿಮ್ಮ ಕರಪತ್ರದಲ್ಲಿ ಅವನು ಶತ್ರು.
ಇರಬಹುದು. ಆ ಕರವಸ್ತ್ರ ಒಗೆಯುವವಳು ನಾನು,
ಶತ್ರು ಅನ್ನಬೇಕಾದರೆ ನಾನು ಅನ್ನುತ್ತೇನೆ.
ನೀವು ಅನ್ನಬೇಡಿ."
ಯಾರೋ ಹಿಂದಿನಿಂದ 'ಗಂಡಸರ ಬಾಲ' ಅಂದರು.
"ಅದೂ ಬರೆದುಕೋ," ಅಂದಳು ನನ್ನ ಕಡೆ ತಿರುಗಿ.
"ಹಾಗೇ, ನಾಲ್ಕು ವಾರದಿಂದ
ಸಭೆ ಮುಗಿದ ಮೇಲೆ ಈ ಲೋಟ ತೊಳೆಯುತ್ತಿರುವುದು ಯಾರು,
ಅದನ್ನೂ."

ಒಲೆ ಮಾತ್ರ ಬುಸುಗುಟ್ಟುತ್ತಿತ್ತು.

ಕೈಗಳು ಎದ್ದವು. ಎಣಿಸಿದೆ, ನನ್ನದೂ ಸೇರಿ ಹದಿನೆಂಟು.
ಒಂದು ಜೊತೆ ಬಿಳಿಚಿದ ಕೈ ಮಡಿಲಲ್ಲೇ ಉಳಿಯಿತು.
ಇಂಗಾಲದ ಹಾಳೆ ಇಟ್ಟು ಮೂರು ಪ್ರತಿ ಹೊಡೆದೆ:
ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಲಾಯಿತು.
ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ.
ದಣಿಗಳ ಪತ್ರ ತಿದ್ದಿ ತಿದ್ದಿ ಪಳಗಿದ ಬೆರಳು,
ತಾನೇ ಬರೆಯಿತು.

ಮುಂದಿನ ಬುಧವಾರ ಅವಳಿಲ್ಲ.
ಲೋಟಗಳಿದ್ದವು, ತಳದಲ್ಲಿ ಕಪ್ಪು ಉಂಗುರ.
ಮಾರ್ಚ್ ಎಂಟರ ಮೆರವಣಿಗೆಯಲ್ಲಿ
ಚಾದರದ ಎಡತುದಿ ನನ್ನ ಕೈಯಲ್ಲಿತ್ತು.
ಟ್ರಾಮಿನ ನಿಲ್ದಾಣದಲ್ಲಿ ಅವಳು, ಪಾಳಿ ಮುಗಿಸಿ,
ನಿದ್ದೆಗಣ್ಣು.
ಚಾದರ ನೋಡಿದಳು.
ನನ್ನನ್ನಲ್ಲ.

ಈಗ ಎಪ್ಪತ್ತು ದಾಟಿದೆ ನನಗೆ.
ಹಳೆಯ ಕಾಗದ ಕೂಡಿಡುವ ಹುಡುಗಿ ಬಂದಿದ್ದಾಳೆ,
ಕೈಗೆ ಬಿಳಿ ಗವಸು, ಪೆಟ್ಟಿಗೆ ತುಂಬ ಪ್ರಶ್ನೆ.
"ಒಮ್ಮತ!" ಎಂದು ಗಟ್ಟಿಯಾಗಿ ಓದುತ್ತಾಳೆ,
"ಎಂಥ ಕಾಲ ನಿಮ್ಮದು,
ನಮ್ಮಲ್ಲಿ ಇಬ್ಬರು ಸೇರಿದರೆ ಮೂರು ಬಣ."

ನಾನು ಪದ ಬಿಡಿಸುತ್ತ ಕೂತಿದ್ದೇನೆ.
ಒಮ್ಮತ. ಒಂದು ಮತ.
ಅಲ್ಲೇ ಇದ್ದಾಳೆ ಅವಳು, ನಾನು ಅಳಿಸಿದ ಪದದೊಳಗೇ,
ಇಷ್ಟು ವರ್ಷ,
ಕೈ ಮಡಿಲಲ್ಲಿಟ್ಟುಕೊಂಡು.

ಹುಡುಗಿ ಗವಸು ಕಳಚಿ
ಕಾಫಿಯ ಲೋಟಗಳನ್ನೆತ್ತಿಕೊಂಡು ಎದ್ದಳು.
ಅದಿರಲಿ ಬಿಡು, ಕೂತುಕೋ ಅಂದೆ,
ಪೆನ್ಸಿಲ್ ಇದೆಯಾ?